ಕೊಯ್ದಾಗೊಮ್ಮೆ ಹಿಡಿ ಯೂರಿಯಾ

ನಾಲತವಾಡದ ತವರಿನಿಂದ ಗಂಡನ ಊರಾದ ಮಸೂತಿಗೆ ನನ್ನ ಜೊತೆ ಬಂದದ್ದು ಎರಡೇ: ಒಂದು ಎಮ್ಮೆ, ಇನ್ನೊಂದು ನನ್ನ ಸಿಟ್ಟು. ಸಿಟ್ಟನ್ನು ಅತ್ತೆ ಹೇಗೋ ಸಹಿಸಿಕೊಂಡರು. ಎಮ್ಮೆಯನ್ನು ಮಾತ್ರ ಹೋದ ವರ್ಷ ಮಾರುವ ಮಾತೆತ್ತಿದರು. ಹಸಿ ಮೇವಿಲ್ಲದೆ ಬರೀ ಜೋಳದ ಒಣ ದಂಟು, ಕಣಿಕೆ ತಿಂದು ಅದರ ಹಾಲು ಒಂದು ಚೊಂಬಿಗೆ ಇಳಿದಿತ್ತು.

"ಯುಗಾದಿ ತನಕಾ ತಡೀರಿ ಅತ್ತಿ," ಎಂದು ಕೇಳಿಕೊಂಡೆ. ಕೊಟ್ಟಿಗೆ ಹಿಂದೆ ಬೋರಿನ ನೀರು ಹಾಯುವ ತುಂಡು ನೆಲದಲ್ಲಿ ನೇಪಿಯರ್ ಹುಲ್ಲು ನೆಟ್ಟೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಯಬಹುದಾದ ಹುಲ್ಲು ಅದು. ಮೊದಲ ಕೊಯ್ಲಿಗೆ ಎದೆಮಟ್ಟ ಬಂತು. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಎರಡನೆಯದು ಮೊಣಕಾಲಿಗೇ ನಿಂತು ಹಳದಿಗೆ ತಿರುಗಿತು.

"ನಿನ್ನ ಹುಲ್ಲು ಒಂದ ಸಲಾ ಕುಣದು ಕುಂತ ಬಿಡ್ತು ನೋಡವಾ," ಎಂದು ಅತ್ತೆ ನಕ್ಕರು. ಯುಗಾದಿ ಮುಗಿದ ಮೇಲೆ ಬಾ ಎಂದು ದನದ ದಲಾಲಿಗೆ ಹೇಳಿಯೂ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು.

ಸಿಟ್ಟಿನಲ್ಲೇ ಹೋಗಿ ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಕೊಟ್ಟಿಗೆಯ ಗಂಜಲ ಹರಿದು ಬರುವ ಕೊನೆಯ ಸಾಲು ಮಾತ್ರ ಕಪ್ಪುಹಸಿರಾಗಿ ಎದ್ದು ನಿಂತಿತ್ತು. ಆಗ ನನ್ನ ತಪ್ಪು ತಿಳಿಯಿತು. ನಾವು ಜೋಳ ಬೆಳೆಯುವವರು. ಬಿತ್ತುವಾಗ ಕೂರಿಗೆಯಲ್ಲಿ ಬೀಜದ ಜೊತೆ ಬಿಟ್ಟದ್ದೇ ಗೊಬ್ಬರ, ರಾಶಿಯ ತನಕ ಮತ್ತೆ ಆ ಕಡೆ ನೋಡುವುದಿಲ್ಲ. ಹುಲ್ಲಿಗೂ ಹಾಗೇ ನೆಡುವಾಗಲೇ ಎಲ್ಲ ಸುರಿದು ಕೈತೊಳೆದುಕೊಂಡಿದ್ದೆ. ಜೋಳ ಒಮ್ಮೆ ಕೊಯ್ದರೆ ಮುಗಿಯಿತು. ಈ ಹುಲ್ಲು ಪ್ರತಿ ಸಲ ಕೊಯ್ದ ಬುಡದಿಂದಲೇ ಮತ್ತೆ ಏಳಬೇಕು, ಏಳಲು ಅದಕ್ಕೆ ಪ್ರತಿ ಸಲ ಊಟ ಬೇಕು.

ಬಡಕಲು ಹುಲ್ಲನ್ನು ಕೊಯ್ದು, ಸಾಲಿನ ನಡುವೆ ಹಿಡಿ ಹಿಡಿ ಯೂರಿಯಾ ಚೆಲ್ಲಿ ನೀರು ಹಾಯಿಸಿದೆ.

"ಹುಲ್ಲಿಗೆ ಯಾರರ ಸರಕಾರಿ ಗೊಬ್ಬರ ಹಾಕ್ತಾರೇನು? ಮಂದಿ ನಗ್ತಾರ!" ಎಂದರು ಅತ್ತೆ.

"ನಗಲಿ ಬಿಡ್ರಿ. ಅವರ ಹಲ್ಲು ಕಾಣ್ತಾವ, ನಮ್ಮ ಹುಲ್ಲು ಕಾಣ್ತೈತಿ."

ವಾರದಲ್ಲಿ ಬಣ್ಣ ತಿರುಗಿತು. ತಿಂಗಳು ದಾಟುವ ತನಕ ಕುಡುಗೋಲು ಮುಟ್ಟಿಸಲಿಲ್ಲ. ಮುಟ್ಟಿಸಿದ ದಿನ ಹುಲ್ಲು ನನ್ನ ತಲೆ ಮೀರಿತ್ತು. ಹೊರೆ ಎತ್ತಲಾರದೆ ಎರಡು ಮಾಡಿದೆ. ಎಮ್ಮೆ ಕಣಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಚೊಂಬು ಎರಡಾಯಿತು, ಎರಡೂ ಸಾಲದೆ ಬಕೆಟ್ ಬಂತು. ಆದರೂ ದಲಾಲಿಗೆ ಬರಬೇಡ ಎಂದು ಅತ್ತೆ ಹೇಳಿ ಕಳಿಸಲಿಲ್ಲ.

ಯುಗಾದಿಯ ಮರುದಿನ ದಲಾಲಿ ಬಂದೇ ಬಿಟ್ಟ. ಎಮ್ಮೆಯ ಸುತ್ತ ಒಂದು ಸುತ್ತು ಹಾಕಿ, ಬೆನ್ನು ತಟ್ಟಿದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಎಮ್ಮಿ ಕೊಡೂದಿಲ್ಲಪಾ. ಚಾ ಕುಡದು ಹೋಗು," ಎಂದರು ಅತ್ತೆ.

ಆತ ಹಿತ್ತಲ ಕಡೆ ನೋಡಿ, "ಹುಲ್ಲು ಭಾರಿ ಐತ್ರಿ ಯವ್ವಾ! ಹೆಂಗ ಬೆಳಸೀರಿ?" ಎಂದ.

"ಕೊಯ್ದಾಗೊಮ್ಮಿ ಹಿಡಿ ಯೂರಿಯಾ ಹಾಕಬೇಕಪಾ," ಅತ್ತೆ ಸೆರಗು ಸರಿಪಡಿಸಿಕೊಂಡರು. "ಜೋಳದಾಂಗ ಬಿತ್ತಿ ಬಿಟ್ರ ಹುಲ್ಲು ಬರೂದಿಲ್ಲ. ಇಷ್ಟೂ ತಿಳಿಯೂದಿಲ್ಲೇನು ನಿಮಗ?"

ನಾನು ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ. ಎಮ್ಮೆ ನನ್ನದಾಗಿ ಉಳಿಯಿತು, ಬುದ್ಧಿ ಬೇಕಾದರೆ ಅವರದೇ ಆಗಲಿ ಎಂದುಕೊಂಡು ಹಾಲಿಗೆ ನೀರು ಬೆರೆಸದೆ ಗಟ್ಟಿ ಚಹಾಕ್ಕೆ ಒಲೆ ಹೊತ್ತಿಸಿದೆ.