ಎರಡನೇ ಚರಣಕ್ಕೆ ಕುಸಿದ ಅಟ್ಟ

ಹಾಡು ಕೇಳುವುದರಿಂದ ಜೀವಕ್ಕೆ ಅಪಾಯವಿದೆ ಎಂದರೆ ಎಲ್ಲರೂ ನಗುತ್ತಾರೆ. ನಗಲಿ. ಅವರ್ಯಾರೂ ಅವತ್ತು ಜಾವಗಲ್ಲಿನಲ್ಲಿ, ನಮ್ಮ ಚಿಕ್ಕಪ್ಪನ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿರಲಿಲ್ಲ. ನಾನು ನಿಂತಿದ್ದೆ. ಡಿಗ್ರಿ ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತ ಅವರ ಮನೆಯಲ್ಲಿದ್ದ ದಿನಗಳವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಮನೆಗಳಿಗೆ ಕಂಪ್ಯೂಟರು ಬಂದಿತ್ತು. ಇಂಟರ್‌ನೆಟ್ಟು ಮಾತ್ರ ಅರಸೀಕೆರೆಯ ಸೈಬರ್ ಸೆಂಟರಿನವರೆಗೆ ಬಂದು ಅಲ್ಲೇ ಕೂತಿತ್ತು.

ಎಲ್ಲಕ್ಕೂ ಮೂಲ ಚಿಕ್ಕಮ್ಮನ ಒಂದು ಹಾಡು. ಮದುವೆಯಾದ ಹೊಸತರಲ್ಲಿ ಚಿಕ್ಕಪ್ಪ ಅವಳಿಗೊಂದು ಸಿನಿಮಾ ಕ್ಯಾಸೆಟ್ ತಂದುಕೊಟ್ಟಿದ್ದರು. ಅದರಲ್ಲಿ ಒಂದು ಹಾಡು ಅವಳಿಗೆ ಬಹಳ ಹಿಡಿಸಿತು. ಆದರೆ ಮೊದಲ ಸಲ ಹಾಕಿದಾಗಲೇ ಟೇಪ್‌ರೆಕಾರ್ಡರು ಎರಡನೇ ಚರಣದ ಹೊತ್ತಿಗೆ ಸುರುಳಿಯನ್ನು ನುಂಗಿ ಶಾವಿಗೆ ಮಾಡಿ ಹೊರಗೆ ಹಾಕಿತು. ಪೆನ್ಸಿಲ್ ತೂರಿಸಿ ಎಷ್ಟು ತಿರುಗಿಸಿದರೂ ಆ ಭಾಗ ಸತ್ತೇ ಹೋಗಿತ್ತು. ಆಮೇಲೆ ರೇಡಿಯೋದಲ್ಲಿ ಬಂದಾಗಲೆಲ್ಲ ಮೊದಲ ಚರಣ ಮುಗಿಯುವಷ್ಟರಲ್ಲಿ ವಾರ್ತೆ ಶುರುವಾಗುತ್ತಿತ್ತು. ಟಿ.ವಿ.ಯಲ್ಲಿ ಬಂದರೆ ಕರೆಂಟು ಹೋಗುತ್ತಿತ್ತು. ಹೀಗೆ ಸಂಸಾರ ಮಾಡಿ, ಮಗಳನ್ನು ಹಾಸನದ ಹಾಸ್ಟೆಲ್ಲಿಗೆ ಸೇರಿಸಿದರೂ ಚಿಕ್ಕಮ್ಮ ಆ ಹಾಡಿನ ಎರಡನೇ ಚರಣ ಕೇಳಿರಲಿಲ್ಲ.

ಚಿಕ್ಕಪ್ಪ ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅರಸೀಕೆರೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಂಡು ಬಸ್ಸಿನಲ್ಲಿ ತಂದರು. ಮಾನಿಟರನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡಿದ್ದರಂತೆ. ಬಾಣಾವರ ದಾಟಿದ ಮೇಲೆ ಕಂಡಕ್ಟರ್ ಬಗ್ಗಿ ನೋಡಿ, "ಏನ್ ಸಾರ್, ಕೂಸು ಅಳೋದೇ ಇಲ್ವಲ್ಲ, ಎಷ್ಟು ವರ್ಷ?" ಎಂದನಂತೆ. ಆ ಕೂಸು ಮನೆಗೆ ಬಂದ ತಿಂಗಳೊಪ್ಪತ್ತಿನಲ್ಲೇ ಚಿಕ್ಕಮ್ಮನ ಹಾಡನ್ನೂ ಎಲ್ಲಿಂದಲೋ ಸಿ.ಡಿ.ಯಲ್ಲಿ ಹುಡುಕಿ ತಂದು ಅದರೊಳಗೆ ಹಾಕಿದರು. ಪೂರ್ತಿ ಹಾಡು, ಎರಡೂ ಚರಣ.

"ಬಾರೇ, ಇಲ್ಲಿ ಹಾಲ್‌ನಲ್ಲಿ ಕೂತು ಕೇಳು," ಎಂದು ಕರೆದರು.

"ರೊಟ್ಟಿ ಯಾರು ತಟ್ತಾರೆ, ನಿಮ್ಮ ಕಂಪ್ಯೂಟರಾ?" ಎಂದಳು ಚಿಕ್ಕಮ್ಮ. "ಇಷ್ಟು ವರ್ಷ ಕಾದಿದೀನಿ ಕಣ್ರೀ. ಕೇಳಿದ್ರೆ ನನ್ನ ಒಲೆ ಮುಂದೆ, ನನ್ನ ಮಣೆ ಮೇಲೆ ಕೂತೇ ಕೇಳೋದು. ನಿಮ್ಮ ಹಾಲಿಗೆ ಬಂದು ಕೈಕಟ್ಕೊಂಡು ಕೂರಕ್ಕೆ ನಾನೇನು ನಿಮ್ಮ ಸ್ಟೂಡೆಂಟಾ?"

ಆ ಮಾತು ಚಿಕ್ಕಪ್ಪನಿಗೆ ನಾಟಿತು. ಹಾಡನ್ನು ಹಾಲಿನಿಂದ ಅಡುಗೆಮನೆಗೆ ಸಾಗಿಸುವ ಸಾಫ್ಟ್‌ವೇರ್ ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಅವರಿಗೆ ಸಿಕ್ಕಿತು. ಹಾಲಿನ ಕಂಪ್ಯೂಟರೇ ಸರ್ವರು. ಹಾಡುಗಳೆಲ್ಲ ಅಲ್ಲಿರುತ್ತವೆ. ಅಲ್ಲಿಂದ ವೈರಿನ ಮೂಲಕ ಬೇರೆ ಬೇರೆ ಕೋಣೆಗೆ ಹರಿಯುತ್ತವೆ. ಪ್ರತಿ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರಿನ ಡಬ್ಬ, ಅದಕ್ಕೊಂದು ಸ್ಪೀಕರು. ಡಬ್ಬಗಳು ಗುಜರಿಯಿಂದ ಬಂದವು. ಅಡುಗೆಮನೆಯ ಡಬ್ಬವನ್ನು ಉಪ್ಪಿನಕಾಯಿ ಭರಣಿ ಇಡುವ ಗೋಡೆಯ ಗೂಡಿನಲ್ಲಿ ಕೂರಿಸಿದರು. ಭರಣಿ ನೆಲಕ್ಕೆ ಬಂತು.

ಮನೆಯಲ್ಲೇ ಇದ್ದ ಅಜ್ಜನಿಗೆ ಇದೆಲ್ಲ ತಕ್ಷಣ ಅರ್ಥವಾಯಿತು. "ಅಲ್ಲಿ ಟ್ಯಾಂಕು, ಇಲ್ಲಿ ನಲ್ಲಿ. ಅಷ್ಟೇ ತಾನೇ? ಹಾಡು ನಿಂತ್ರೆ ಪೈಪ್‌ನಾಗೆ ಗಾಳಿ ಹಿಡ್ಕೊಂಡೈತೆ ಅಂತ." ಚಿಕ್ಕಪ್ಪ ತಿದ್ದಲು ಹೋಗಲಿಲ್ಲ. ಸಾಫ್ಟ್‌ವೇರ್ ಜೊತೆಗಿದ್ದ ಇಂಗ್ಲಿಷ್ ವಿವರಣೆಗಿಂತ ಇದೇ ವಾಸಿಯಾಗಿತ್ತು.

ಹಾಡು ನಿಲ್ಲುತ್ತಿತ್ತು. ಅದೇ ತೊಂದರೆ. ಚಿಕ್ಕಮ್ಮನ ಹಾಡು ಸೊಗಸಾಗಿ ಶುರುವಾಗಿ, ಪಲ್ಲವಿ ಮುಗಿದು, ಮೊದಲ ಚರಣವೂ ಮುಗಿದು, ಕೊಳಲು ಬಂದು, ಇನ್ನೇನು ಎರಡನೇ ಚರಣ ಎನ್ನುವಾಗ ಗಕ್ಕನೆ ನಿಂತುಬಿಡುತ್ತಿತ್ತು. ಅದರ ಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ಸರ್ವರಿಗೆ ತನ್ನ ಬಳಿ ಯಾವ ಹಾಡಿದೆ ಎನ್ನುವುದೇ ಮರೆತುಹೋಗುತ್ತಿತ್ತು. ಆಗ ಇದ್ದದ್ದನ್ನೆಲ್ಲ ತೆಗೆದು ಹೊಸದಾಗಿ ರೀಇನ್‌ಸ್ಟಾಲ್ ಮಾಡಬೇಕು. ಆ ಶಬ್ದ ನಮ್ಮ ಮನೆಯಲ್ಲಿ ಎಷ್ಟು ಬಳಕೆಯಾಯಿತೆಂದರೆ, ಅಜ್ಜ ಸ್ನಾನಕ್ಕೆ ಹೋಗುವಾಗಲೂ "ರೀಇನ್‌ಸ್ಟಾಲ್ ಆಗಿ ಬತ್ತೀನಿ" ಎನ್ನತೊಡಗಿದರು. ಪ್ರತಿ ರೀಇನ್‌ಸ್ಟಾಲಿಗೂ ಮುಂಚೆ ಅವರು ಕಂಪ್ಯೂಟರಿನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. ಸಿ.ಡಿ. ಹಾಕುವ ಬಾಯಿ ಸರಿಯಾಗಿ ಹಣೆಯ ಜಾಗದಲ್ಲೇ ಇತ್ತು. ಹಾಗಾಗಿ ಸಿ.ಡಿ.ಯೂ ದೀಕ್ಷೆ ಪಡೆದೇ ಹೊರಬರುತ್ತಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಈಗ ನೆಮ್ಮದಿಯಾಗಿರುತ್ತಿದ್ದೆ. ಆದರೆ ಪತ್ರಿಕೆಯ ಮುಂದಿನ ಸಿ.ಡಿ.ಯಲ್ಲಿ ಅದೇ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಅದಕ್ಕೆ ಎಷ್ಟು ಕೋಣೆ ಬೇಕಾದರೂ ಸೇರಿಸಬಹುದಂತೆ. ಚಿಕ್ಕಪ್ಪ ಜಗಲಿಗೆ ಒಂದು ಡಬ್ಬ ಇಟ್ಟರು, ಅಜ್ಜನ ವಚನಗಳಿಗೆ. ಕೊಟ್ಟಿಗೆಗೆ ಒಂದು ಇಟ್ಟರು, ಹಸುವಿಗೆ.

"ಸಂಗೀತ ಕೇಳಿದ್ರೆ ಹಾಲು ಜಾಸ್ತಿ ಕೊಡ್ತಾವಂತೆ," ಎಂದರು.

"ನಾನೂ ಕೇಳ್ತಾನೇ ಇದೀನಿ, ನಂಗೇನು ಜಾಸ್ತಿ ಆಯ್ತು? ಬಿ.ಪಿ.," ಎಂದಳು ಚಿಕ್ಕಮ್ಮ.

ಹೊಸ ಆವೃತ್ತಿ ಕೋಣೆಗಳನ್ನು ಕಲಸುಮೇಲೋಗರ ಮಾಡಿತು. ಮಠದ ಕಡೆಯ ಹಿರಿಯರೊಬ್ಬರು ಬಂದು ಜಗಲಿಯಲ್ಲಿ ಕೂತಿದ್ದಾಗ ಅಜ್ಜ ಹೆಮ್ಮೆಯಿಂದ ಡಬ್ಬದ ಗುಂಡಿ ಒತ್ತಿದರು. ಅದರಿಂದ ಕ್ಲಬ್ ಡ್ಯಾನ್ಸಿನ ಹಾಡು ಹೊರಬಂತು. ಅದೇ ಹೊತ್ತಿಗೆ ಕೊಟ್ಟಿಗೆಯಿಂದ ವಚನ ಕೇಳಿಸಿತು. ಅಜ್ಜ ಒಂದು ಗಳಿಗೆ ಯೋಚಿಸಿ, "ಹಸಕ್ಕಾದ್ರೂ ಸದ್ಗತಿ ಸಿಗ್ಲಿ ಬಿಡಿ ಸ್ವಾಮಿ" ಎಂದರು. ಹಿರಿಯರು ಕಣ್ಣುಮುಚ್ಚಿ ಕೂತಿದ್ದರು. ಅವರ ಕಾಲ್ಬೆರಳು ಮಾತ್ರ ತಾಳ ಹಾಕುತ್ತಿದ್ದುದನ್ನು ನಾನು ನೋಡಿದೆ.

ಇನ್ನು ಅಟ್ಟದ ವಿಷಯ. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತಾರೆ. ಕೆಳಗಿನ ಒಲೆಯ ಬಿಸಿಗೆ ನೀರು ಆರಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಅಜ್ಜ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಡಲೊಡ ಎಂದರೆ ಆಗಿದೆ. ಚಿಕ್ಕಮ್ಮನ ಅಡುಗೆಮನೆಯ ನೆತ್ತಿಯ ಮೇಲೆ ಇಡೀ ತೋಟದ ವರ್ಷದ ಫಸಲು ಹೀಗೆ ಕೂತಿರುತ್ತಿತ್ತು. ಅದು ಜಾರದಂತೆ ಅಟ್ಟದ ಅಂಚಿಗೆ ಒಂದು ಅಡ್ಡಹಲಗೆ, ಹಲಗೆಯನ್ನು ಹಿಡಿದಿಡಲು ಒಂದು ಮರದ ಬೆಣೆ. ಆ ಬೆಣೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದರ ಕೆಳಗೆ ಚಿಕ್ಕಮ್ಮನ ಮಣೆ. ಆ ಬೆಣೆಯ ಅಗಲ, ಅದು ನಿಂತಿದ್ದ ವಾಲು, ಎಲ್ಲವೂ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಗ ಮಾತ್ರ ಅದರ ಕಡೆ ಯಾರೂ ನೋಡಿರಲಿಲ್ಲ.

ಹಾಲಿನಿಂದ ಬಂದ ವೈರು ಅಡುಗೆಮನೆಯ ಡಬ್ಬಕ್ಕೊಂದು ಕವಲು ಕೊಟ್ಟು ಕೊಟ್ಟಿಗೆಗೆ ಹೋಗಬೇಕಿತ್ತು. ಹತ್ತಿರದ ದಾರಿ ಅಟ್ಟದ ಮೇಲೆಯೇ. ಚಿಕ್ಕಪ್ಪ ವೈರನ್ನು ಕಾಯಿಗಳ ಅಂಚಿನಲ್ಲಿ ಹಾಯಿಸಿ, ಜೋತಾಡದಿರಲೆಂದು ಕೈಗೆ ಸಿಕ್ಕ ಗೂಟಕ್ಕೆ ಎರಡು ಸುತ್ತು ಬಿಗಿದರು. ಆ ಗೂಟವೇ ಬೆಣೆ.

ಆ ಭಾನುವಾರ ಬೆಳಿಗ್ಗೆ ಮತ್ತೆ ರೀಇನ್‌ಸ್ಟಾಲ್ ನಡೆಯಿತು. ವಿಭೂತಿ ಆಯಿತು, ಸಿ.ಡಿ. ಒಳಗೆ ಹೋಯಿತು. ಚಿಕ್ಕಪ್ಪ ಕೋಣೆಗಳ ಹೆಸರನ್ನೆಲ್ಲ ಎಚ್ಚರದಿಂದ ಕೂರಿಸಿದರು. ಚಿಕ್ಕಮ್ಮ ಮಣೆಯ ಮೇಲೆ ಕೂತು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನನ್ನದು ಹೊಸ್ತಿಲ ಮೇಲೆ ನಿಂತು ವರದಿ ಒಪ್ಪಿಸುವ ಕೆಲಸ. ಮಾಳಿಗೆಯ ಮೇಲೆ ಒಬ್ಬರು ಟಿ.ವಿ. ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು "ಬಂತು, ಹೋಯ್ತು" ಎಂದು ಕೂಗುವುದು, ಇದರಲ್ಲಿ ಬೆಳೆದವರು ನಾವು. ಚಿತ್ರ ಬರದಿದ್ದರೆ ನಮಗೆ ಗೊತ್ತಿದ್ದದ್ದು ಒಂದೇ ಮದ್ದು: ವೈರು ಹಿಡಿದು ಅಲ್ಲಾಡಿಸುವುದು.

"ಬಂತಾ?" ಹಾಲಿನಿಂದ ಚಿಕ್ಕಪ್ಪ.

"ಬಂತು!" ನಾನು.

ಪಲ್ಲವಿ ಹೋಯಿತು. ಮೊದಲ ಚರಣ ಹೋಯಿತು. ಕೊಳಲು ಬಂತು. ಚಿಕ್ಕಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. ಹಾಡೂ ನಿಂತಿತು.

"ಹೋಯ್ತು!"

ಇಷ್ಟು ದಿನ ಹೀಗಾದಾಗಲೆಲ್ಲ ಅವಳು ಒಂದು ನಿಟ್ಟುಸಿರು ಬಿಟ್ಟು ರೊಟ್ಟಿ ಮುಂದುವರಿಸುತ್ತಿದ್ದಳು. ಅವತ್ತು ಮಾತ್ರ ರೊಟ್ಟಿ ತಿರುವಿ ಹಾಕುವ ಮೊಗಚೋ ಕೈ ಹಿಡಿದು ಎದ್ದಳು. ಯಾಕೆ ಎದ್ದೆ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. "ಸಿಟ್ಟು ಬಂತು, ಎದ್ದೆ. ಅದಕ್ಕೇನು ಮುಹೂರ್ತ ಕೇಳಬೇಕಿತ್ತಾ?" ಎನ್ನುತ್ತಾಳೆ. ನನ್ನನ್ನು ಪಕ್ಕಕ್ಕೆ ತಳ್ಳಿಕೊಂಡು ಹಾಲಿಗೆ ಬಂದು ಶುರುಮಾಡಿದಳು.

"ಏನ್ರೀ, ನಿಮ್ಮ ಹಸ ಪೂರ್ತಿ ಹಾಡು ಕೇಳ್ತೈತೆ, ನಾನು ಕೇಳಂಗಿಲ್ವಾ? ನಂಗೂ ಒಂದು ಕೊಂಬು ಇಡ್ಸಿಬಿಡಿ!"

"ಒಂದ್ನಿಮಿಷ ಇರೇ, ಎಲ್ಲೋ ವೈರು ಲೂಸಾಗಿದೆ," ಎಂದು ಚಿಕ್ಕಪ್ಪ ಕಂಪ್ಯೂಟರಿನ ಹಿಂದೆ ಕೈಹಾಕಿ ವೈರನ್ನು ಜಗ್ಗಿದರು. ಆಂಟೆನಾದ ವೈರು ಜಗ್ಗಿದ ಹಾಗೆಯೇ.

ಮೊದಲು ಒಂದೇ ಕಾಯಿ ಬಿತ್ತು. ಅದು ಸರಿಯಾಗಿ ಮಣೆಯ ನಡುವಿಗೆ ಬಿತ್ತು. ಮಣೆ ಎರಡು ಹೋಳಾಯಿತು. ಅವಳು ಎದ್ದು ಹೋಗಿ ಇನ್ನೂ ನಾಲ್ಕು ಮಾತು ಆಡಿರಲಿಲ್ಲ. ನನಗೆ ಆ ಒಂದು ಕಾಯಿಯನ್ನು ನೋಡಲು ಸಮಯವಿತ್ತು. ಅದು ಯಾವ ಅವಸರವೂ ಇಲ್ಲದೆ ಹೋಳಿನ ಮೇಲೆ ಅರ್ಧ ಸುತ್ತು ಉರುಳಿತು. ನಾನು ತಲೆ ಎತ್ತಿದೆ. ಅಡ್ಡಹಲಗೆ ಬಾಗಿಲಿನಂತೆ ತೆರೆದುಕೊಳ್ಳುತ್ತಿತ್ತು.

ಆಮೇಲೆ ಬಂದದ್ದು ಶಬ್ದ. ಅದಕ್ಕೆ ಹೋಲಿಕೆ ನನಗೆ ಇನ್ನೂ ಸಿಕ್ಕಿಲ್ಲ. ಒಲೆ, ಹೆಂಚು, ನೀರಿನ ಕೊಡ, ಉಪ್ಪಿನಕಾಯಿ ಭರಣಿ ಎಲ್ಲ ಕಾಯಿಯಡಿ ಮುಳುಗಿದವು. ಧೂಳಿಗೆ ಕಣ್ಣು ಕಾಣಲಿಲ್ಲ. ಕಾಯಿಗಳು ಹೊಸ್ತಿಲು ಹತ್ತಿ, ನನ್ನ ಕಾಲಿನ ಮಧ್ಯೆ ನುಗ್ಗಿ, ಹಾಲು ದಾಟಿ ಜಗಲಿಗೆ ಹೊರಟವು. ಅಲ್ಲಿ ಕೂತಿದ್ದ ಅಜ್ಜನ ಕಾಲಿಗೆ ಒಂದು ತಗುಲಿತು. ಅವರು ಅದನ್ನೆತ್ತಿ, ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಏ, ಇದಿನ್ನೂ ಆಗಿಲ್ಲ ಕಣ್ಲಾ! ಯಾಕ್ ಇಳಿಸಿದ್ರಿ?" ಎಂದು ಒಳಗೆ ಕೂಗಿದರು.

ಚಿಕ್ಕಪ್ಪ ಒಂದು ಕೈಯಲ್ಲಿ ವೈರು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಚಿಕ್ಕಮ್ಮನ ತೋಳು ಹಿಡಿದಿದ್ದರು. ನನ್ನ ಹಲ್ಲು ಒಂದಕ್ಕೊಂದು ಬಡಿಯುವುದು ನನಗೇ ಕೇಳುತ್ತಿತ್ತು, ಆಗಿರುವ ಕಾಯಿಯ ಹಾಗೆ, ಲೊಡಲೊಡ.

ಆಗ ಅಡುಗೆಮನೆಯಲ್ಲಿ ಹಾಡು ಶುರುವಾಯಿತು.

ಉರುಳಿದ ಕಾಯಿ ಯಾವುದೋ ಸಡಿಲ ವೈರಿಗೆ ಬಡಿದು ಅದನ್ನು ಸರಿಯಾದ ಜಾಗಕ್ಕೆ ಕೂರಿಸಿರಬೇಕು. ಗೋಡೆಯ ಗೂಡಿನ ಡಬ್ಬಕ್ಕೆ ಏನೂ ಆಗಿರಲಿಲ್ಲ. ಸ್ಪೀಕರು ಮಾತ್ರ ಕಾಯಿಯ ರಾಶಿಯಡಿ ಹೂತುಹೋಗಿತ್ತು. ಕಂಬಳಿ ಹೊದ್ದು ಹಾಡುವವರ ಹಾಗೆ ಒಳಗಿನಿಂದ ಕೊಳಲು ಬಂತು. ಕೊಳಲಿನ ಹಿಂದೆ ಎರಡನೇ ಚರಣ ಬಂತು. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಅಲ್ಲಾಡಿದರೆ ಅಟ್ಟದಲ್ಲಿ ಉಳಿದದ್ದೂ ಬೀಳಬಹುದು ಎನ್ನುವುದು ಒಂದು ಕಾರಣ. ಇನ್ನೊಂದು, ಈ ಸಲವೂ ಅದು ನಿಂತರೆ ಚಿಕ್ಕಮ್ಮನನ್ನು ಏನು ಮಾಡುವುದು ಎನ್ನುವ ಭಯ. ಹಾಡು ನಿಲ್ಲಲಿಲ್ಲ. ಒಂದು ಅಕ್ಷರವೂ ತಡವರಿಸದೆ ಪೂರ್ತಿ ಹಾಡಿ ಮುಗಿಸಿತು.

ಚಿಕ್ಕಮ್ಮ ಮೊಗಚೋ ಕೈಯನ್ನು ನಿಧಾನವಾಗಿ ಕೆಳಗಿಳಿಸಿದಳು.

"ಇಷ್ಟೇನಾ?" ಎಂದಳು. "ಇದು ಮೊದಲನೇ ಚರಣದ ರಾಗಾನೇ ಅಲ್ವೇನ್ರೀ?"

"ಹೂಂ. ಮಾತು ಬೇರೆ," ಎಂದರು ಚಿಕ್ಕಪ್ಪ.

"ಮಾತೆಲ್ಲಿ ಕೇಳಿಸ್ತು, ಬರೀ ಕಾಯಿ ಮಧ್ಯೆ ಗೊಣಗಿದಂಗಾಯ್ತು. ಹಾಕಿ ಇನ್ನೊಂದ್ಸಲ." ಇಷ್ಟು ಹೇಳಿ ಹಾಲಿನ ಕುರ್ಚಿಯಲ್ಲಿ ಕೂತಳು. ಕಂಪ್ಯೂಟರಿನ ಮುಂದೆ, ಕೈಕಟ್ಟಿಕೊಂಡು, ಸ್ಟೂಡೆಂಟಿನ ಹಾಗೆ. ಹಾಡು ಮುಗಿಯುವವರೆಗೂ ಅತ್ತಳು. ಹಾಡಿಗೋ ಮಣೆಗೋ ಎಂದು ನಾವು ಕೇಳಲಿಲ್ಲ.

ಕಾಯಿ ಆರಿಸುವುದಕ್ಕೆ ಆ ವಾರವೆಲ್ಲ ಹಿಡಿಯಿತು. ಅಜ್ಜ ಒಂದೊಂದನ್ನೂ ಅಲ್ಲಾಡಿಸಿ, ಆದದ್ದು ಆಗದ್ದು ಎಂದು ಬೇರೆ ಮಾಡಿದರು. ಅಟ್ಟವನ್ನು ಹಿತ್ತಲಿನ ಶೆಡ್ಡಿಗೆ ಸಾಗಿಸಿದೆವು. ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ. ಹಾಡು ನಿಂತದ್ದಕ್ಕೇ ನೀನು ಎದ್ದು ಬಂದೆ, ನನ್ನ ಸರ್ವರೇ ನಿನ್ನ ಜೀವ ಉಳಿಸಿದ್ದು ಎಂದು ಚಿಕ್ಕಪ್ಪ. ಹಾಡು ನಿಂತದ್ದಕ್ಕೇ ನೀವು ವೈರು ಜಗ್ಗಿದ್ದು, ನಿಮ್ಮ ಸರ್ವರೇ ನನ್ನ ತಲೆ ಮೇಲೆ ಅಟ್ಟ ಹಾಕಿದ್ದು ಎಂದು ಚಿಕ್ಕಮ್ಮ. ಇಬ್ಬರದೂ ಸರಿ ಎನ್ನುವುದೇ ನನ್ನ ನಿದ್ದೆ ಕೆಡಿಸುವುದು. ಅವಳಿಗೆ ಸಿಟ್ಟು ಮೊಗಚೋ ಕೈಯ ಒಂದು ತಿರುವಿನಷ್ಟು ತಡವಾಗಿ ಬಂದಿದ್ದರೆ? ರೊಟ್ಟಿ ಸೀಯುತ್ತದೆ, ಇದೊಂದು ತೆಗೆದು ಏಳೋಣ ಎಂದುಕೊಂಡಿದ್ದರೆ? ಮನಸ್ಸಿನಲ್ಲಿ ಎಷ್ಟು ಸಲ ಆಡಿಸಿ ನೋಡಿದರೂ ಆ ಕಾಯಿ ಅದೇ ಜಾಗಕ್ಕೆ ಬೀಳುತ್ತದೆ. ಅವಳು ಮಾತ್ರ ಒಂದೊಂದು ಸಲ ಏಳುವುದೇ ಇಲ್ಲ.

ಚಿಕ್ಕಪ್ಪ ಬಿಡಲಿಲ್ಲ. ಆ ಮೇಲೂ ರೀಇನ್‌ಸ್ಟಾಲ್ ಮಾಡಿದರು, ಬಚ್ಚಲಿಗೂ ಒಂದು ಡಬ್ಬ ಸೇರಿಸಿದರು. ನಾನು ಅಲ್ಲಿಗೆ ಹೋದಾಗಲೆಲ್ಲ "ಬಂತು, ಹೋಯ್ತು" ಎಂದು ಕೂಗುವ ಕೆಲಸ ನನಗೇ ಕಟ್ಟಿಟ್ಟದ್ದು.

"ಒಳಗೆ ಬಾರೇ, ಅಲ್ಲಿಂದ ಕೇಳಿಸಲ್ಲ," ಎಂದು ಚಿಕ್ಕಪ್ಪ ನನ್ನನ್ನು ಕರೆಯುತ್ತಾರೆ.

"ಇಲ್ಲಿಂದಲೇ ಕೂಗ್ತೀನಿ," ಎಂದು ನಾನು ಅಂಗಳಕ್ಕೆ ಬಂದು ನಿಲ್ಲುತ್ತೇನೆ. ನೆತ್ತಿಯ ಮೇಲೆ ಹಲಗೆಯಿಲ್ಲ, ಬೆಣೆಯಿಲ್ಲ, ಬರೀ ಆಕಾಶ. ಒಳಗೆ ಕೊಳಲು ಶುರುವಾಗುತ್ತದೆ. ನಾನು ತಲೆ ಎತ್ತಿ ನೋಡುತ್ತೇನೆ. ಅಂಗಳದ ತೆಂಗಿನ ಮರ ಗೊನೆ ತುಂಬ ಕಾಯಿ ಹೊತ್ತು ಸರಿಯಾಗಿ ನನ್ನ ಮೇಲೆಯೇ ವಾಲಿರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇನೆ. ಅಲ್ಲಿ ಇನ್ನೊಂದು ಮರ.