ಆ ಮಾಳಿಗೆ ಮುಚ್ಚಿದವರು ಯಾರು?

ಹೋದ ತಿಂಗಳು ಬೈಲಹೊಂಗಲದ ನಮ್ಮ ಮನೆಗೆ ಸೋಲಾರ್ ಕೂಡಿಸಲು ಒಬ್ಬಾತ ಬಂದಿದ್ದ. ಬಿಸಿನೀರಿನ ಪೈಪು ಇಳಿಸಬೇಕೆಂದು ಅಡುಗೆಮನೆಯ ಸ್ಲ್ಯಾಬಿಗೆ ಡ್ರಿಲ್ಲು ಹಚ್ಚಿ ಒಂದು ತೂತು ಕೊರೆದ. ಆಮೇಲೆ ಜಾಗ ಸರಿಹೋಗಲಿಲ್ಲವೆಂದು ಮೊಳ ಆಚೆಗೆ ಇನ್ನೊಂದು ಕೊರೆದ. ಎರಡನೆಯದರಲ್ಲಿ ಪೈಪು ಇಳಿಯಿತು. ಮೊದಲನೆಯದರಲ್ಲಿ ಬಿಸಿಲು ಇಳಿದು ನೇರವಾಗಿ ಹಾಲಿನ ಪಾತ್ರೆಯ ಮೇಲೆ ಬಿತ್ತು, ಜೊತೆಗೆ ಒಂದಿಷ್ಟು ಸಿಮೆಂಟಿನ ಪುಡಿಯೂ.

ನಾನಾಗ ಪಡಸಾಲೆಯ ಮಂಚದ ಮೇಲಿದ್ದೆ. ಸ್ಕೂಟಿಯಿಂದ ಬಿದ್ದು ಕಾಲು ಮುರಿದುಕೊಂಡು ಮೂರು ತಿಂಗಳಾಗಿತ್ತು. ಪಟ್ಟಿ ಬಿಚ್ಚಿ ಹದಿನೈದು ದಿನವಾಗಿದ್ದರೂ, ಡಾಕ್ಟರು ದಿನಾ ನಡೆಯಿರಿ ಎಂದು ಹೇಳಿದ್ದರೂ, ಮಂಚ ಇಳಿಯಲು ನನಗೇಕೋ ಮನಸ್ಸಿರಲಿಲ್ಲ. ನೀವೇ ಹೇಳಿ, ಇಪ್ಪತ್ತೈದು ವರ್ಷ ಸಾಲೆಯಲ್ಲಿ ಮಕ್ಕಳಿಗೆ, ಮನೆಯಲ್ಲಿ ಗಂಡನಿಗೆ ಕೂಗಿ ಕೂಗಿ ಗಂಟಲು ಹರಿದುಕೊಂಡವಳಿಗೆ, ಮಲಗಿದಲ್ಲಿಗೇ ಚಹಾ ಬರುವ ಯೋಗ ಕೂಡಿಬಂದರೆ ಅದನ್ನು ಕೈಯಾರೆ ಬಿಡಲಾಗುತ್ತದೆಯೇ? ನಮ್ಮವರ ಚಹಾ ಕುಡಿಯುವಂತಿರುವುದಿಲ್ಲ ಎಂಬುದು ಬೇರೆ ಮಾತು.

ಮಂಚದಿಂದಲೇ ಕೂಗಿ ಕೇಳಿದೆ: “ಅಲ್ಲೋ ತಮ್ಮಾ, ಆ ಮೊದಲಿನ ತೂತ ಯಾರ್ ಮುಚ್ಚಬೇಕು?”

“ಅದು ನಮ್ಮ ಕೆಲಸ ಅಲ್ರಿ ಅಕ್ಕಾರ. ಗೌಂಡಿನ್ನ ಕರೀರಿ,” ಎಂದ.

ನನಗೆ ನಗು ಉಕ್ಕಿ ಬಂತು. ಹುಡುಗ ಗಾಬರಿಯಾಗಿ ಸಾಮಾನು ಕಟ್ಟಿಕೊಂಡು ಬೇಗನೆ ಹೊರಟುಹೋದ. ಪಾಪ, ಆ ಪ್ರಶ್ನೆ ನನ್ನದಲ್ಲವೆಂದು ಅವನಿಗೇನು ಗೊತ್ತು? ಅದು ನನ್ನ ತವರೂರು ಮುನವಳ್ಳಿಯ ನೀಲವ್ವಾಯಿಯದು. ತೊಂಬತ್ತರ ದಶಕದಲ್ಲಿ ಆಕೆ ಅದನ್ನು ನನ್ನ ಅಪ್ಪನಿಗೆ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು, ಅದೂ ನಮ್ಮ ತಲೆಯ ಮೇಲಿಂದ.

ತಲೆಯ ಮೇಲಿಂದ ಎಂದರೆ ನಿಜವಾಗಿಯೂ ತಲೆಯ ಮೇಲಿಂದ. ನಮ್ಮ ಮನೆ, ನೀಲವ್ವಾಯಿಯ ಮನೆ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಎರಡಕ್ಕೂ ಮಣ್ಣಿನ ಮಾಳಿಗೆ. ಮರದ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ದಪ್ಪಗೆ, ನೀರು ಇಳಿಯಗೊಡದ ಸವಳು ಮಣ್ಣು. ಮಾಳಿಗೆಯ ನಡುವೆ ಬೆಳಕಿಗೆಂದು ಬಿಟ್ಟ ಒಂದು ಚೌಕದ ಬೆಳಕಿಂಡಿ. ನೀಲವ್ವಾಯಿ ಹಣೆ ತುಂಬ ವಿಭೂತಿ ಧರಿಸಿ, ಮೆಣಸಿನಕಾಯಿ ಒಣಹಾಕಲು ತನ್ನ ಮಾಳಿಗೆ ಹತ್ತಿದಳೆಂದರೆ ನಡೆದುಕೊಂಡೇ ನಮ್ಮ ಮಾಳಿಗೆಗೆ ಬಂದುಬಿಡುವಳು. ಅದರಲ್ಲೂ ಭಾನುವಾರ ಹತ್ತು ಗಂಟೆಗೆ ಅವಳ ಮೆಣಸಿನಕಾಯಿ ತಪ್ಪದೆ ಒಣಗಬೇಕಾಗುತ್ತಿತ್ತು.

ಏಕೆಂದರೆ ಆ ಹೊತ್ತಿಗೆ ಕೆಳಗೆ ನಮ್ಮ ಪಡಸಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಊರಲ್ಲಿದ್ದ ಕ್ರೈಸ್ತ ಮನೆಗಳು ನಾಲ್ಕೈದು ಮಾತ್ರ. ಸವದತ್ತಿಯಿಂದ ಸಭಾಪಾಲಕರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಉಳಿದ ವಾರಗಳಲ್ಲಿ ಪ್ರಾಥಮಿಕ ಸಾಲೆಯ ಮಾಸ್ತರನಾಗಿದ್ದ ನನ್ನ ಅಪ್ಪನೇ ಓದಿ ಹೇಳುತ್ತಿದ್ದ. ಅಪ್ಪನಿಗೆ ಯೇಸುಸ್ವಾಮಿ ರೋಗಿಗಳನ್ನು ಗುಣಪಡಿಸಿದ ಕಥೆಗಳೆಂದರೆ ಪ್ರಾಣ. ಮಗ್ಗಿ ಹೇಳಿಕೊಡುವಷ್ಟೇ ಖಚಿತವಾಗಿ, ಯಾರು, ಎಲ್ಲಿ, ಎಷ್ಟು ವರ್ಷದ ಬೇನೆ ಎಂದು ಒಂದೂ ಬಿಡದೆ ಹೇಳುತ್ತಿದ್ದ. ನಾವು ಕೆಳಗೆ ಕುಳಿತು ತೂಕಡಿಸುತ್ತಿದ್ದೆವು. ಮೇಲೆ ಬೆಳಕಿಂಡಿಯಲ್ಲಿ ನೀಲವ್ವಾಯಿಯ ಮುಖ ಮೂಡುತ್ತಿತ್ತು.

ಸ್ವಾಮಿ ಮುಟ್ಟಿದೊಡನೆ ಅವರ ಶಿಷ್ಯ ಪೇತ್ರನ ಅತ್ತೆಗೆ ಜ್ವರ ಬಿಟ್ಟಿತು, ಆಕೆ ಎದ್ದು ಎಲ್ಲರಿಗೂ ಉಪಚಾರ ಮಾಡಿದಳು ಎಂದು ಅಪ್ಪ ಹೇಳಿದ ವಾರ ಮೇಲಿಂದ ದನಿ ಬಂತು: “ಅಯ್ಯ, ಜ್ವರ ಬಿಟ್ಟ ಕೂಡ್ಲೇ ಅಡಿಗಿಗೆ ಹಚ್ಚಿದ್ರೇನ್ರಿ ಆಕಿನ್ನ? ಒಂದ್ ದಿನಾರ ಸುಧಾರಿಸ್ಕೋ ಅನಬೇಕಿಲ್ಲೋ? ಗಂಡಸೂರ ಬುದ್ಧಿ ಎಲ್ಲಾ ಊರಾಗೂ ಒಂದ ನೋಡ್ರಿ.”

ಕೆಳಗಿದ್ದ ಹೆಂಗಸರೆಲ್ಲ ಒಮ್ಮೆಲೇ ಎಚ್ಚರವಾದರು. ಆವತ್ತಿನ ಪ್ರಾರ್ಥನೆ ಮುಂದೆ ಸಾಗಲು ಬಹಳ ಹೊತ್ತು ಹಿಡಿಯಿತು.

ಆದರೆ ಅವಳು ಪಟ್ಟು ಹಿಡಿದದ್ದು ಪಾರ್ಶ್ವವಾಯುವಿನವನ ಕಥೆಗೆ. ನಿಮಗೂ ಗೊತ್ತಿರಬಹುದು. ಯೇಸುಸ್ವಾಮಿ ಇದ್ದ ಮನೆಯ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಾಲ್ವರು ಒಬ್ಬ ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದರು. ಒಳಗೆ ಹೋಗಲಾಗದೆ ಮಾಳಿಗೆ ಹತ್ತಿ, ಅದನ್ನು ಅಗೆದು, ಅಲ್ಲಿಂದ ಅವನನ್ನು ಕೆಳಗಿಳಿಸಿದರು. ಆ ನಾಲ್ವರ ನಂಬಿಕೆ ಕಂಡು ಸ್ವಾಮಿ ಅವನನ್ನು ಎಬ್ಬಿಸಿ ನಡೆಸಿದರು. ಅಪ್ಪ ಕಣ್ಣು ಮುಚ್ಚಿ, ದನಿ ತಗ್ಗಿಸಿ, ಬಹಳ ಚೆನ್ನಾಗಿ ಹೇಳುತ್ತಿದ್ದ.

“ಮಾಸ್ತರ್ರ, ಅದೆಲ್ಲಾ ಖರೆ. ಮಾಳಗಿ ಯಾರ್ ಮುಚ್ಚಿದ್ರು?”

“ಅದನ್ನ ಪುಸ್ತಕದಾಗ ಬರದಿಲ್ರೀ ನೀಲವ್ವಾರ.”

“ಬರದಿಲ್ಲಂದ್ರ? ಮಳಿಗಾಲ ಬಂದ್ರ ಆ ಮನಿಯಾಕಿ ಏನ್ ಮಾಡಬೇಕ್ರಿ? ಮಾಳಗಿ ಸೋರೂದಂದ್ರ ಏನಂತ ನಿಮ್ಮ ಸ್ವಾಮಿಗೆ ಗೊತ್ತಿಲ್ಲೇನ? ಬಡಗ್ಯಾರ ಮಗಾ ಅಂತೀರಿ ಮತ್ತ!”

ಮಣ್ಣಿನ ಮಾಳಿಗೆಯ ಕೆಳಗೆ ಬಾಳಿದವರಿಗೆ ಮಾತ್ರ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಸವಳು ಮಣ್ಣು ಹೊತ್ತು ಹಾಕಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಬೇಕು. ಇಲಿ ಕೊರೆದಷ್ಟು ತೂತಿದ್ದರೂ ಮಳೆ ಬಂದಾಗ ಮನೆಯ ಪಾತ್ರೆಗಳೆಲ್ಲ ನೆಲದ ಮೇಲೆ ಸಾಲಾಗಿ ಕೂಡುತ್ತವೆ. ಅಪ್ಪ ಸವದತ್ತಿಯ ಸಭಾಪಾಲಕರನ್ನೂ ಕೇಳಿದ. ಅವರು ನಕ್ಕು, ಅದು ಮುಖ್ಯವಲ್ಲ ಎಂದರು. ಅಪ್ಪ ನಗಲಿಲ್ಲ. ಪ್ರಾರ್ಥನೆಗೆ ಟಿಪ್ಪಣಿ ಬರೆದಿಡುವ ತನ್ನ ವಹಿಯಲ್ಲಿ ‘ಮಾಳಿಗೆ?’ ಎಂದು ಬರೆದು, ಅಡಿಗೆರೆ ಎಳೆದು ಇಟ್ಟುಕೊಂಡ. ಭಾನುವಾರ ಬೆಳಕಿಂಡಿಗೆ ತಗಡು ಮುಚ್ಚೋಣ ಎಂದು ಅವ್ವ ಸಿಟ್ಟಿನಿಂದ ಹೇಳಿದಾಗಲೂ ಒಪ್ಪಲಿಲ್ಲ. “ಲಕ್ಷ್ಯ ಕೊಟ್ಟ ಕೇಳಾಕಿ ಆಕಿ ಒಬ್ಬಾಕಿನ,” ಎಂದ.

ಇಂಥ ಅಪ್ಪನಿಗೇ ಒಂದು ದಿನ ಸಾಲೆಯಲ್ಲಿ ಲಕ್ವಾ, ಅದೇ ಪಾರ್ಶ್ವವಾಯು, ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಸೊಟ್ಟಗಾಯಿತು. ಧಾರವಾಡದ ಆಸ್ಪತ್ರೆಯಲ್ಲಿ ಕೆಲ ದಿನ ಇಟ್ಟುಕೊಂಡು ಕಳಿಸಿದರು. ದಿನಾ ಎಬ್ಬಿಸಿ ಕೂಡಿಸಿ, ನಿಲ್ಲಿಸಿ, ನಡೆಸಿ; ಮಲಗಿಯೇ ಬಿಟ್ಟರೆ ಆ ಕಾಲು ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಅವ್ವನಿಗೆ ಎರಡೆರಡು ಸಲ ಹೇಳಿದ್ದರು. ನಾನಾಗ ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲೇ ಇದ್ದೆ. ಅಪ್ಪನನ್ನು ಎಬ್ಬಿಸುವ ಕೆಲಸ ನನ್ನದೆಂದು ಧೈರ್ಯದಿಂದ ಹೊರಟೆ. ಪಡಸಾಲೆಯಲ್ಲಿ ಬೆಳಕಿಂಡಿಯ ಕೆಳಗೇ ಹಾಕಿದ್ದ ಮಂಚದ ಮೇಲೆ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟ.

ಅವನ ತೊದಲು ಮಾತಿನಲ್ಲಿ ನಮಗೆ ತಿಳಿಯುತ್ತಿದ್ದುದು ಒಂದೇ ಮಾತು: “ಬಾಗಲಾ.” ಬಾಗಿಲು ಹಾಕಿ, ಯಾರನ್ನೂ ಬಿಡಬೇಡಿ ಎಂದು ಅದರರ್ಥ. ಅಪ್ಪನಿಗೆ ಬೇನೆಗಿಂತ ನಾಚಿಕೆ ಹೆಚ್ಚಾಗಿತ್ತು. ವರ್ಷಗಟ್ಟಲೆ, ಎದ್ದು ನಡೆದವರ ಕಥೆಗಳನ್ನೇ ಹೇಳಿದವನು ತಾನೇ ಬಿದ್ದುಕೊಂಡರೆ ಊರೇನಂದೀತು? ಅದಕ್ಕಿಂತ ಹೆಚ್ಚಾಗಿ, ತಾನು ಹೇಳಿದ್ದೆಲ್ಲ ಸುಳ್ಳಾಯಿತೇ ಎಂದು ಅವನು ಒಳಗೊಳಗೇ ಕೊರಗುತ್ತಿದ್ದ. ಬೈಬಲ್ ಪುಸ್ತಕ ತಲೆದಿಂಬಿನ ಬಳಿ ಇಟ್ಟರೆ ಎಡಗೈಯಿಂದ ದೂರ ಸರಿಸುತ್ತಿದ್ದ. ಪ್ರಾರ್ಥನೆ ನಿಂತಿತು. ನೀಲವ್ವಾಯಿ ಮೂರು ಸಲ ಬಂದು ಬಾಗಿಲು ಬಡಿದಳು. ಅವ್ವ ಮೂರು ಸಲವೂ ಮುಖ ಕೆಳಗೆ ಹಾಕಿ “ಮಲಗ್ಯಾರ್ರಿ” ಎಂದು ಕಳಿಸಿದಳು. ಆ ದಿನಗಳಲ್ಲಿ ನನಗೆ ಅಪ್ಪನ ಮೇಲೆ ಕರುಣೆಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಮೂರನೆಯ ಭಾನುವಾರ ಹತ್ತು ಗಂಟೆಗೆ ಬೆಳಕಿಂಡಿ ಮಬ್ಬಾಯಿತು.

“ಮಾಸ್ತರ್ರ, ಈ ವಾರ ಯಾವ್ ಕಥಿ?”

ಅಪ್ಪ ಕಣ್ಣು ಮುಚ್ಚಿಕೊಂಡ.

“ಆತು ಬಿಡ್ರಿ, ನಾನ ಹೇಳತೇನಿ. ಒಂದ್ ಊರಾಗ ಯೇಸುಸ್ವಾಮಿ ಸಂತಿಗೆ ಬಂದಿದ್ದಾ. ಆ ಊರಾಗ ಒಬ್ಬಾಂವ ಕುರುಡ ಇದ್ದಾ. ಅವಂಗ ಲಕ್ವಾ ಹೊಡದಿತ್ತು. ಅವನ್ನ ಮೂರು ಮಂದಿ ಹೊತಗೊಂಡ್ ಬಂದ್ರು...”

ಸಂತೆ ಎಲ್ಲಿಂದ ಬಂತು, ಕುರುಡ ಯಾರು ಎಂದು ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಮಂಚದ ಮೇಲೆ ಅಪ್ಪ ಅಲುಗಾಡಿದ. ನನ್ನ ಅಪ್ಪ ಎಂಥ ಮಾಸ್ತರನೆಂದರೆ, ಮದುವೆಯ ಕರೆಯೋಲೆಯಲ್ಲಿ ತಪ್ಪು ಕಂಡರೂ ಕೆಂಪು ಪೆನ್ನು ಹುಡುಕುತ್ತಿದ್ದವನು.

“ಮೂರು ಮಂದಿ ಮಾಳಗಿ ಹತ್ತಿ...” ಎಂದು ನೀಲವ್ವಾಯಿ ಎಳೆದಳು.

“ನಾ... ನಾಕು,” ಎಂದ ಅಪ್ಪ.

“ಏನಂದ್ರಿ? ಮೂರಲ್ಲೇನ?”

“ನಾಕು!” ಸೊಟ್ಟ ಬಾಯಿಂದ ಜೊಲ್ಲು ಸುರಿಯುತ್ತಿತ್ತು. “ಕುರುಡ... ಅಲ್ಲ. ಸಂತಿ... ಅಲ್ಲ. ಮನಿ!”

ಮೂರು ವಾರಗಳಲ್ಲಿ ‘ಬಾಗಲಾ’ ಬಿಟ್ಟು ಅಪ್ಪ ಆಡಿದ ಮೊದಲ ಮಾತು ಅದು. ನಾನು ಅಡುಗೆಮನೆಗೆ ಓಡಿ, ಒಲೆಯ ಮುಂದೆ ಕುಳಿತು ಮನಸಾರೆ ಅತ್ತೆ. ನೀಲವ್ವಾಯಿ ಮಾತ್ರ ಏನೂ ಆಗದವಳಂತೆ, “ನೆಟ್ಟಗ ಬೈಯಾಕ ಬರತೈತಿ ಹಂಗಾರ. ನಾಳಿಂದ ಕೈ ಕಾಲು ನೋಡೂಣು,” ಎಂದು ಎದ್ದು ಹೋದಳು. ಕಥೆ ನಿಜಕ್ಕೂ ಮರೆತಿತ್ತೇ ಎಂದು ಆಮೇಲೊಮ್ಮೆ ನಾನು ಕೇಳಿದ್ದಕ್ಕೆ, “ಹನ್ನೆರಡ ಎಮ್ಮಿ ಎಣಿಸಿ ಕೊಟ್ಟಿಗಿ ಹೊಗಿಸಾಕಿ ನಾ. ಮೂರ್ಯಾವು ನಾಕ್ಯಾವು ಗೊತ್ತಾಗೂದಿಲ್ಲೇನ?” ಎಂದು ನನ್ನ ಗಲ್ಲ ತಿವಿದಳು.

ಮರುದಿನದಿಂದ ಬೆಳಕಿಂಡಿಯಲ್ಲಿ ಒಂದು ಬುಟ್ಟಿ ಇಳಿಯತೊಡಗಿತು. ಬಾವಿಯ ಹಗ್ಗಕ್ಕೆ ಕಟ್ಟಿದ ಬುಟ್ಟಿ, ಅದರೊಳಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ. ಅದು ಅಪ್ಪನ ಎದೆಯಿಂದ ಗೇಣು ಮೇಲೆ ಬಂದು ನಿಲ್ಲುತ್ತಿತ್ತು. ನಾನು ತೆಗೆದುಕೊಡಲು ಹೋದರೆ ಮೇಲಿಂದ ಗದರಿಕೆ: “ನೀ ದೂರ ಸರಿ! ನಿಂಗ ಅಲ್ಲ ಅದು.” ಎಣ್ಣೆಗಾಯಿಯ ವಾಸನೆ ಮೂಗಿನ ಮುಂದೆ ತೂಗಾಡುತ್ತಿದ್ದರೆ ನಾಚಿಕೆಯಾದರೂ ಎಷ್ಟು ಹೊತ್ತು ತಡೆದೀತು? ಎರಡನೆಯ ದಿನ ಅಪ್ಪ ಎಡಗೈ ಚಾಚಿದ. ಬುಟ್ಟಿ ಸ್ವಲ್ಪ ಮೇಲೆ ಹೋಯಿತು. ವಾರದಲ್ಲಿ ಎದ್ದು ಕುಳಿತ. ಬುಟ್ಟಿ ಇನ್ನೂ ಮೇಲೆ ಹೋಯಿತು. ಅಪ್ಪ ಮೇಲೆ ನೋಡಿ ಬಾಯಿಗೆ ಬಂದಂತೆ ಬೈದ. ಬೈಗುಳ ದಿನದಿಂದ ದಿನಕ್ಕೆ ಸ್ಪಷ್ಟವಾಗತೊಡಗಿತು. ತಿಂಗಳು ತುಂಬುವ ಹೊತ್ತಿಗೆ ನನ್ನ ಹೆಗಲು ಹಿಡಿದು ನಿಂತು ಬುಟ್ಟಿಗೆ ಕೈ ಹಾಕಿದ. ರೊಟ್ಟಿ ಹಿಡಿದುಕೊಂಡು ನಕ್ಕ. ಬಾಯಿ ಸೊಟ್ಟಗಿದ್ದುದರಿಂದ ನಗು ಇನ್ನೂ ಚೆನ್ನಾಗಿ ಕಂಡಿತು.

ಇದನ್ನು ಪವಾಡವೆಂದು ನಾನು ಹೇಳುವುದಿಲ್ಲ. ಅಲ್ಲವೆನ್ನಲೂ ನಾಲಗೆ ಏಳುವುದಿಲ್ಲ. ಬಲಗೈ ಕೊನೆಗೂ ಬರಲಿಲ್ಲ. ಕಾಲು ಎಳೆದೇ ನಡೆಯುತ್ತಿದ್ದ. ಕಥೆಯಲ್ಲಿ ನಾಲ್ವರಿದ್ದರು, ನಮಗೆ ಸಿಕ್ಕಿದ್ದು ಮಂಡಿ ನೋವಿನ ಒಬ್ಬ ಮುದುಕಿ. ಅವಳಿಗೆ ನಮ್ಮ ಸ್ವಾಮಿಯ ಮೇಲೆ ಎಷ್ಟು ನಂಬಿಕೆಯಿತ್ತೋ ನಾನರಿಯೆ. ಅಪ್ಪ ಏಳುತ್ತಾನೆಂಬ ನಂಬಿಕೆಯಂತೂ ಇತ್ತು. ಅಪ್ಪ ಪುಸ್ತಕವನ್ನು ಮತ್ತೆ ಹತ್ತಿರ ಎಳೆದುಕೊಂಡ, ಭಾನುವಾರದ ಬಾಗಿಲು ತೆರೆಯಿತು. ಒಂದು ಸಮಸ್ಯೆ ಮಾತ್ರ ಉಳಿಯಿತು. ಹಗ್ಗ ತಿಕ್ಕಿ, ನೀಲವ್ವಾಯಿ ಮಂಡಿಯೂರಿ ಕುಳಿತು ಕುಳಿತು, ಬೆಳಕಿಂಡಿಯ ಅಂಚಿನ ಮಣ್ಣು ಕುಸಿದು ತೂತು ಅಗಲವಾಗಿತ್ತು.

ಮುಂದಿನ ಬೇಸಿಗೆಯ ಕೊನೆಗೆ ಅಪ್ಪ ಮಾಳಿಗೆ ಹತ್ತುತ್ತೇನೆಂದು ಹಠ ಹಿಡಿದ. ಅವ್ವ ಕೂಗಾಡಿದಳು. ಅವನು ಕೋಲೂರಿ ಒಂದೊಂದೇ ಮೆಟ್ಟಿಲು ಹತ್ತಿದ, ಹಿಂದೆ ನಾನು ಮಣ್ಣಿನ ಬುಟ್ಟಿ ಹೊತ್ತು ಹತ್ತಿದೆ. ಬೆಳಕಿಂಡಿಯ ಬದಿಗೆ ಕಾಲು ಚಾಚಿ ಕುಳಿತು, ಎಡಗೈಯಿಂದ ಹಸಿ ಮಣ್ಣು ಮೆತ್ತಿ ಮೆತ್ತಿ ಬಡಿಯತೊಡಗಿದ. ಮೆಣಸಿನಕಾಯಿ ಹರವುತ್ತಿದ್ದ ನೀಲವ್ವಾಯಿ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

“ಇದೇನ್ರಿ ಮಾಸ್ತರ್ರ? ಆಳು ಸಿಗಲಿಲ್ಲೇನು?”

“ನೀಲವ್ವಾರ,” ಎಂದ ಅಪ್ಪ, ತಲೆಯೆತ್ತದೆ. “ನೀವು ಕೇಳತಿದ್ರೆಲ್ಲಾ, ಆ ಮಾಳಗಿ ಯಾರ್ ಮುಚ್ಚಿದ್ರಂತ. ಎದ್ದ ನಡದಾನಲ್ಲಾ, ಅವನೇ ಮುಚ್ಚಿರಬೇಕ್ರಿ.”

ನೀಲವ್ವಾಯಿ ಬಾಯಿಗೆ ಸೆರಗು ಹಿಡಿದಳು. ಮೂಗು ಒರೆಸಿಕೊಂಡು, “ಹಂಗಾರ ಆ ಅತ್ತಿ ಎದ್ದ ಅಡಿಗಿ ಮಾಡಿದ್ದೂ ಖರೇನ ಇದ್ದೀತು ಬಿಡ್ರಿ,” ಎಂದಳು. ಆಮೇಲೆ ಅಪ್ಪನ ಎದುರಿಗೆ ಕುಳಿತು ತಾನೂ ಮಣ್ಣಿಗೆ ಕೈ ಹಾಕಿದಳು.

ಈಗ ಅಪ್ಪನೂ ಇಲ್ಲ, ನೀಲವ್ವಾಯಿಯೂ ಇಲ್ಲ. ಆ ಹುಡುಗ ಹೋದ ಮೇಲೆ ನಾನು ಇದನ್ನೆಲ್ಲ ನೆನೆಯುತ್ತ ಮಂಚದ ಮೇಲೆಯೇ ಇನ್ನೊಂದು ತಾಸು ಕಳೆದೆ. ನನ್ನ ಎರಡೂ ಕೈ ಗಟ್ಟಿ ಇದ್ದವು. ಕಾಲೂ ಕೂಡಿತ್ತು. ಮೂರು ತಿಂಗಳಿಂದ ನನಗೆ ಚಹಾ ತಂದುಕೊಟ್ಟವರು ಅಡುಗೆಮನೆಯಲ್ಲಿ ಉಪ್ಪಿಟ್ಟು ಸೀಯಿಸುತ್ತಿದ್ದರು. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಎದ್ದೆ. ಹಿತ್ತಿಲಲ್ಲಿದ್ದ ಅರ್ಧ ಚೀಲ ಸಿಮೆಂಟಿನಿಂದ ಎರಡು ಬೊಗಸೆ ಪುಡಿಯನ್ನು ಬಕೆಟ್ಟಿಗೆ ಹಾಕಿಕೊಂಡು, ಉಸುಕು ಬೆರೆಸಿ ಕಲಸಿದೆ. ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಮೇಲೆ ಹೋದೆ.

ತೂತಿನ ಬಳಿ ಕಾಲು ಚಾಚಿ ಕುಳಿತು ಬಗ್ಗಿ ನೋಡಿದರೆ, ಕೆಳಗೆ ನಮ್ಮವರ ಬೊಕ್ಕ ತಲೆ. ಒಂದು ಚೂರು ಸಿಮೆಂಟು ಜಾರಿ ಬಾಣಲೆಯ ಪಕ್ಕಕ್ಕೆ ಬಿತ್ತು. ಅವರು ಸೌಟು ಹಿಡಿದು ಬೆಚ್ಚಿ ಮೇಲೆ ನೋಡಿದರು.

“ಯಾರದು ಮ್ಯಾಲ?”

“ಎದ್ದಾಕಿ!” ಎಂದು ಕೂಗಿ, ಎಡಗೈಯಿಂದಲೇ ಮೆತ್ತತೊಡಗಿದೆ.