ಕವಣೆಯ ಕಲ್ಲು ಓಡಿಹೋಗುವುದಿಲ್ಲ

ನಾನು ಆಳಂದದ ಉರ್ದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಲ. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಅಫಜಲಪುರದ ಕಡೆಗೆ ಕೊಟ್ಟಿದ್ದ ನಮ್ಮಕ್ಕ ಒಬ್ಬಳೇ ನಮ್ಮೂರು ಮಟಕಿಗೆ ಬಂದಳು. ಅತ್ತೆ ಕೂಸನ್ನು ಕಸಿದುಕೊಂಡು ಇವಳನ್ನು ಹೊರಗೆ ದಬ್ಬಿ ಬಾಗಿಲು ಹಾಕಿದ್ದಳು. ಅವ್ವ ಮೊದಲು ನೋಡಿದ್ದು ಮಗಳ ಮುಖವನ್ನಲ್ಲ, ಉಡಿಯನ್ನು. ನಮ್ಮಲ್ಲಿ ಸೊಸೆಯನ್ನು ತವರಿಗೆ ಕಳಿಸುವಾಗ ಸೆರಗಿನ ಉಡಿಗೆ ಕಾಳು, ಕೊಬ್ಬರಿ ತುಂಬಿ ಕಳಿಸುತ್ತಾರೆ. ಬರಿ ಉಡಿಯಲ್ಲಿ ಬಂದವಳು ಓಡಿ ಬಂದಳೆಂದೇ ಅರ್ಥ.

"ಯವ್ವಾ, ಹೊರಗ ದಬ್ಬೋರು ಉಡಿ ತುಂಬತಾರೇನು?" ಎಂದು ಅಕ್ಕ ಅತ್ತಳು.

ಪಂಚರು ಸೇರುವವರಿದ್ದರು. ಓಡಿ ಬಂದವಳೆಂದು ಅವರು ಹೇಳಿಬಿಟ್ಟರೆ ಕೂಸು ಅವಳ ಕೈತಪ್ಪಿದಂತೆಯೇ. ಅಲ್ಲಿಯವರೆಗೆ ಅಕ್ಕ ಹೊಲದ ಮಂಚಿಕೆ ಹತ್ತಿ, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದಳು. ಊಟದ ಬುತ್ತಿ ಹಾಗೇ ವಾಪಸು ಬರುತ್ತಿತ್ತು.

ಆ ದಿನಗಳಲ್ಲೇ ನನಗೆ ತಿರುಗುವ ವಸ್ತುಗಳ ಪಾಠ ಬಂತು. ಹೊರಗೆ ಜಗ್ಗುವ ಬಲಕ್ಕೆ ಉರ್ದು ಪುಸ್ತಕದಲ್ಲಿದ್ದ ಹೆಸರು 'ಮರ್ಕಜ್ ಗುರೇಜ್', ಅಂದರೆ ಕೇಂದ್ರದಿಂದ ಓಡುವ ಬಲ. ಗಡಿಯಾರದ ಲೋಲಕದ ಹಿಂದೆ ಬಿದ್ದಿದ್ದ ಯುರೋಪಿನ ಪಂಡಿತನೊಬ್ಬ ಇಟ್ಟ ಹೆಸರಂತೆ. ಕವಣೆ ತಿರುಗಿಸುವವನ ಕೈಗೆ ಜಗ್ಗಿದಂತಾಗುತ್ತದಲ್ಲ, ಕಲ್ಲು ಓಡಿಹೋಗಲು ನೋಡುತ್ತಿದೆ ಎಂದುಕೊಂಡರು. ಮುಂದೆ ಇಂಗ್ಲೆಂಡಿನ ಇನ್ನೊಬ್ಬ ಅದನ್ನು ತಿರುವಿಹಾಕಿದ. ಕಲ್ಲು ಎಲ್ಲಿಗೂ ಓಡುವುದಿಲ್ಲ, ಹುರಿಯೇ ಅದನ್ನು ಒಳಗೆ ಎಳೆದು ತಿರುಗಿಸುತ್ತಿರುತ್ತದೆ, ಕೈ ಬಿಟ್ಟ ಗಳಿಗೆಯಲ್ಲಿ ಯಾವ ಕಡೆ ಹೊರಟಿತ್ತೋ ಆ ಕಡೆ ನೆಟ್ಟಗೆ ಹೋಗುತ್ತದೆ ಅಷ್ಟೆ. ಆ ಎಳೆತಕ್ಕೆ ಅವನು 'ಕೇಂದ್ರವನ್ನು ಅರಸುವ ಬಲ' ಎಂದ. ಆ ಸಾಲಿನ ಕೆಳಗೆ ಗೆರೆ ಎಳೆದೆ.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಪಂಚರ ಎದುರು ಆ ತಪ್ಪು ಹೆಸರಿನ ಕಥೆಯನ್ನೇ ಒದರಿಬಿಟ್ಟೆ. "ಕಲ್ಲು ಓಡಿ ಹೋಗಂಗಿಲ್ರಿ! ಬಿಟ್ಟ ಕೈಯನ್ನ ಕೇಳ್ರಿ, ಕಲ್ಲನ್ನ ಯಾಕ ಕೇಳ್ತೀರಿ?"

ಹಿರಿಯರೊಬ್ಬರು ನಕ್ಕರು. "ಮಾಸ್ತರ, ಸಾಲ್ಯಾಗಿನ ಮಾತು ಸಾಲ್ಯಾಗ ಇರ್ಲಿ. ಯವ್ವಾ, ನೀ ಹೇಳು. ಬರುವಾಗ ಉಡ್ಯಾಗ ಏನಿತ್ತು?"

ಅಕ್ಕ ತಲೆ ತಗ್ಗಿಸಿದಳು. "ಏನೂ ಇರ್ಲಿಲ್ರಿ."

ಅಲ್ಲಿಗೆ ಮುಗಿಯಿತು. ಕೂಸು ಅಲ್ಲೇ ಉಳಿಯಿತು. ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ!

ಮನೆಗೆ ಬರುವಾಗ ದಾರಿಯಲ್ಲಿ ಅಕ್ಕ ಕೇಳಿದಳು: "ತಮ್ಮಾ, ಆ ಹೆಸರು ತಪ್ಪಂತ ಗೊತ್ತಾದ ಮ್ಯಾಲ ತೆಗದು ಹಾಕಿದ್ರೇನು?"

"ಇಲ್ಲ ಯಕ್ಕಾ. ಇನ್ನೂ ಅದೇ ಹೆಸರು ಹೇಳೇ ಕಲಿಸ್ತೇನಿ."

ಅವಳಿಗೆ ಸಮಾಧಾನವಾಗುವ ಸುಳ್ಳೊಂದು ಆಗ ನನಗೆ ಹೊಳೆಯಲೇ ಇಲ್ಲ.

ಎಷ್ಟೋ ವರ್ಷಗಳ ಮೇಲೆ, ಮದುವೆಯ ವಯಸ್ಸಿಗೆ ಬಂದ ಹುಡುಗಿಯೊಬ್ಬಳು ನಮ್ಮ ಹೊಸ್ತಿಲಾಚೆ ನಿಂತಳು. ಅಕ್ಕನದೇ ಹಣೆ, ಅಕ್ಕನದೇ ಗದ್ದ. ಬಾಗಿಲು ತೆರೆದ ಅಕ್ಕನನ್ನೇ ಕೇಳಿದಳು:

"ಓಡಿ ಬಂದಾಕಿ ಮನಿ ಇದೇ ಏನ್ರಿ?"

ಬೈಗುಳದ ದನಿಯಲ್ಲ ಅದು. ತಾಯಿಗೆ ಬೇರೆ ಹೆಸರೊಂದಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಹೌದವ್ವ, ಇದೇ" ಎಂದಳು ಅಕ್ಕ. ಒಳಗೆ ಹೋಗಿ ಮೊರದ ತುಂಬ ಜೋಳ ತಂದು, "ಸೆರಗು ಹಿಡಿ" ಎಂದು ಮಗಳ ಉಡಿ ತುಂಬತೊಡಗಿದಳು.